ಧಾರೆಯ ಫೋಟೊದಲ್ಲಿ ಬದಲಾದ ಒಂದು ಬಿಟ್: ನಾಲ್ಕು ರ‍್ಯಾಮ್ ಪಟ್ಟಿಗಳ ಪ್ರಕರಣ

2022ರ ಏಪ್ರಿಲ್ ತಿಂಗಳ ಕೊನೆಯ ವಾರ. ಸಾಗರದ ಸ್ಟುಡಿಯೊ ಮಾಲೀಕರೊಬ್ಬರು ತಮ್ಮ ಕಂಪ್ಯೂಟರನ್ನು ಕಾರಿನ ಹಿಂದಿನ ಸೀಟಿನಲ್ಲಿ ದಿಂಬಿನ ಮೇಲೆ ಮಲಗಿಸಿಕೊಂಡು ಶಿವಮೊಗ್ಗದ ನನ್ನ ರಿಪೇರಿ ಅಂಗಡಿಗೆ ಬಂದರು. ಜೊತೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯ ತುಂಬ ಕ್ಯಾಮೆರಾ ಕಾರ್ಡುಗಳು, ಎರಡು ಕಾರ್ಡ್ ರೀಡರ್, ಆಗಷ್ಟೇ ಕೊಂಡ ಹಾರ್ಡ್ ಡಿಸ್ಕ್. ಮದುವೆಗಳ ಸುಗ್ಗಿ. ಮುಂದಿನ ಎರಡು ವಾರಗಳಲ್ಲಿ ಅವರಿಗೆ ಆರು ಮದುವೆ ಒಪ್ಪಿಕೊಂಡಾಗಿತ್ತು.

“ಫೋಟೊಗಳು ಅರ್ಧದಿಂದ ಕೆಡುತ್ತಿವೆ ಮಾರಾಯರೆ. ಎಲ್ಲವೂ ಅಲ್ಲ, ಒಂದೊಂದು ಮದುವೆಯಲ್ಲಿ ನಾಲ್ಕೋ ಆರೋ. ಕಾರ್ಡ್ ಬದಲಿಸಿದೆ, ರೀಡರ್ ಬದಲಿಸಿದೆ, ಡಿಸ್ಕ್ ಕೂಡ ಬದಲಿಸಿ ಆಯಿತು. ಇನ್ನೇನು ಬದಲಿಸಲಿ ಹೇಳಿ” ಎಂದರು.

ಯಂತ್ರದ ವಿವರ ಹೀಗಿತ್ತು. 2020ರಲ್ಲಿ ಜೋಡಿಸಿದ್ದು. ರೈಜನ್ 5 3600 ಪ್ರೊಸೆಸರ್, ಬಿ450 ಚಿಪ್‌ಸೆಟ್‌ನ ನಾಲ್ಕು ರ‍್ಯಾಮ್ ಸ್ಲಾಟಿನ ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಪಟ್ಟಿಗಳು (ಯಂತ್ರ ಕೆಲಸ ಮಾಡುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ), ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 10. ಎರಡು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಆಲ್ಬಂ ವಿನ್ಯಾಸ ಮಾಡುವಾಗ 16 ಜಿಬಿ ಸಾಲುತ್ತಿಲ್ಲ ಎಂದು ಮಾರ್ಚ್‌ನಲ್ಲಿ ಅದೇ ಕಂಪನಿಯ, ಅದೇ ಮಾಡೆಲ್ ಸಂಖ್ಯೆಯ ಇನ್ನೆರಡು ಪಟ್ಟಿ ತರಿಸಿ ಹಾಕಿಸಿಕೊಂಡಿದ್ದರು. ಹಾಕಿದವನು ಅವರ ಅಕ್ಕನ ಮಗ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಹಾಕುವಾಗ ಅವನೊಂದು ಸಂಗತಿ ಗಮನಿಸಿದ್ದ. ಪಟ್ಟಿಯ ಮೇಲೆ 3200 ಎಂದು ಬರೆದಿದ್ದರೂ ಟಾಸ್ಕ್ ಮ್ಯಾನೇಜರ್ 2133 ಎಂದು ತೋರಿಸುತ್ತಿತ್ತು. “ಮಾವ, ಎರಡು ವರ್ಷದಿಂದ ನೀವು ಕೊಟ್ಟ ದುಡ್ಡಿನ ಮೂರರಲ್ಲಿ ಒಂದು ಪಾಲು ವೇಗ ಸುಮ್ಮನೆ ಬಿದ್ದಿದೆ” ಎಂದು ಹೇಳಿ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಎದ್ದು ಯಂತ್ರವನ್ನು ಸಜ್ಜುಗೊಳಿಸುವ ತಂತ್ರಾಂಶಕ್ಕೆ, ಹೋಗಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಿದ್ದ. ಯಂತ್ರ ಯಾವ ತಕರಾರೂ ಇಲ್ಲದೆ ಬೂಟ್ ಆಯಿತು, 3200 ಎಂದು ತೋರಿಸಿತು, ಕೆಲಸಗಳು ಚುರುಕಾದವು.

ಹುಡುಗ ಹೇಳಿದ್ದರಲ್ಲಿ ತಪ್ಪಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಡಿಡಿಆರ್4 ಪಟ್ಟಿಯ ಮೇಲೆ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಒಂದಿರುತ್ತದೆ. ಆ ಪಟ್ಟಿಯ ಜಾತಕ ಅದರೊಳಗಿದೆ. ಜೆಡೆಕ್ ಎಂಬ ಮಾನಕ ಸಂಸ್ಥೆ ಒಪ್ಪಿದ ವೇಗಗಳು ಒಂದು ಭಾಗದಲ್ಲಿ, ಪಟ್ಟಿ ತಯಾರಿಸಿದವರು ಪರೀಕ್ಷಿಸಿ ಭರವಸೆ ಕೊಟ್ಟ ಹೆಚ್ಚಿನ ವೇಗ ಇನ್ನೊಂದು ಭಾಗದಲ್ಲಿ. ಈ ಎರಡನೆಯ ಭಾಗವೇ ಎಕ್ಸ್‌ಎಂಪಿ. ಇಂಟೆಲ್ 2007ರಲ್ಲಿ ಡಿಡಿಆರ್3 ಕಾಲದಲ್ಲಿ ಇದನ್ನು ತಂದಿತು. ನಾವು ಏನೂ ಹೇಳದಿದ್ದರೆ ಬಯಾಸ್ ಮೊದಲ ಭಾಗವನ್ನಷ್ಟೇ ಓದುತ್ತದೆ. ಇವರ ಪಟ್ಟಿಗಳಲ್ಲಿ ಅದು 2133. ನನ್ನ ಅಂಗಡಿಗೆ ಬರುವ ಯಂತ್ರಗಳಲ್ಲಿ ಹೀಗೆ ನಿಧಾನವಾಗಿಯೇ ಓಡುತ್ತಿರುವವು ಬಹಳ. ಅಂಥವನ್ನು ಕಂಡಾಗಲೆಲ್ಲ ನಾನೂ ಆನ್ ಮಾಡಿಕೊಡುತ್ತೇನೆ.

ಒಂದು ಬೈಟ್

ಮಾಲೀಕರು ತೋರಿಸಿದ ಮೊದಲ ಫೋಟೊ ಧಾರೆಯದು. ವಧುವಿನ ಅಂಗೈ, ಅದರ ಮೇಲೆ ತೆಂಗಿನಕಾಯಿ, ಹಾಲೆರೆಯುತ್ತಿರುವ ತಾಯಿ. ಬಾಸಿಂಗದಿಂದ ತೆಂಗಿನಕಾಯಿಯವರೆಗೆ ಎಲ್ಲವೂ ಸ್ಫುಟವಾಗಿತ್ತು. ಅಲ್ಲಿಂದ ಕೆಳಗೆ ಒಂದು ಗೆರೆ ಎಳೆದಂತೆ ಇಡೀ ಚಿತ್ರ ಬಲಕ್ಕೆ ಸರಿದು, ರೇಷ್ಮೆ ಸೀರೆಯ ಹಸಿರು ಕೊಳೆತ ನೇರಳೆಯ ಬಣ್ಣಕ್ಕೆ ತಿರುಗಿತ್ತು. ಹಾಲಿನ ಧಾರೆ ಗೆರೆಯ ಮೇಲೆ ಒಂದು ಕಡೆ, ಕೆಳಗೆ ಇನ್ನೊಂದು ಕಡೆ ಬೀಳುತ್ತಿತ್ತು.

ಡಬ್ಬಿಯಲ್ಲಿದ್ದ ಕಾರ್ಡಿನಿಂದ ಅದೇ ಫೋಟೊವನ್ನು ನನ್ನ ಯಂತ್ರದಲ್ಲಿ ತೆರೆದೆ. ಅಚ್ಚುಕಟ್ಟಾಗಿತ್ತು. ಹಾಗಾದರೆ ಕ್ಯಾಮೆರಾ ಸರಿ, ಕಾರ್ಡೂ ಸರಿ. ಕಾರ್ಡಿನಿಂದ ಡಿಸ್ಕಿಗೆ ಬರುವ ದಾರಿಯಲ್ಲಿ ಏನೋ ಆಗುತ್ತಿದೆ. ಎರಡೂ ಫೈಲುಗಳ ಗಾತ್ರ ಒಂದು ಬೈಟ್ ಆಚೀಚೆ ಇಲ್ಲದಂತೆ ಸಮ. ವಿಂಡೋಸ್‌ನಲ್ಲಿ ಎಫ್‌ಸಿ ಎಂಬ ಹಳೆಯ ಆಜ್ಞೆಯಿದೆ. ಎರಡು ಫೈಲುಗಳನ್ನು ಬೈಟ್ ಬೈಟಾಗಿ ಹೋಲಿಸಿ ವ್ಯತ್ಯಾಸವನ್ನು ಪಟ್ಟಿ ಮಾಡುತ್ತದೆ. ಪುಟಗಟ್ಟಲೆ ಬರಬಹುದು ಎಂದುಕೊಂಡಿದ್ದೆ. ಬಂದದ್ದು ಒಂದೇ ಸಾಲು. ಒಂದರಲ್ಲಿ 5ಎ, ಇನ್ನೊಂದರಲ್ಲಿ 7ಎ, ಹದಿನಾರರ ಲೆಕ್ಕದ ಅಂಕಿಗಳು.

ಎಂಟು ಬಿಟ್, ಅಂದರೆ ಎಂಟು ಸೊನ್ನೆ ಒಂದುಗಳು, ಸೇರಿದರೆ ಒಂದು ಬೈಟ್. ಇವನ್ನು ಹಾಗೆ ಬರೆದರೆ 01011010 ಮತ್ತು 01111010. ಎಡದಿಂದ ಮೂರನೆಯ ಬಿಟ್ ಸೊನ್ನೆಯಿಂದ ಒಂದಾಗಿದೆ, ಅಷ್ಟೇ. 8 ಎಂಬಿಯ ಆ ಫೋಟೊದಲ್ಲಿ ಆರೂವರೆ ಕೋಟಿಗೂ ಮೀರಿ ಬಿಟ್‌ಗಳಿವೆ. ಅವುಗಳಲ್ಲಿ ಒಂದು ಮಗುಚಿದ್ದಕ್ಕೆ ಧಾರೆಯ ಫೋಟೊ ಹಾಳಾಗಿದೆ.

ಒಂದೇ ಬಿಟ್ ಇಷ್ಟು ಹಾನಿ ಮಾಡಲು ಜೆಪೆಗ್ ಫೈಲಿನ ಕಟ್ಟಣೆಯೇ ಕಾರಣ. ಅದರಲ್ಲಿ ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕದ ಸರಾಸರಿ ಬಣ್ಣವನ್ನು ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು ಎಷ್ಟು ಕಡಿಮೆ ಎಂದು ಬರೆದಿಡುತ್ತಾರೆ. ಸಂಕೇತಗಳ ಉದ್ದವೂ ಒಂದೇ ಸಮ ಅಲ್ಲ. ನಡುವೆ ಒಂದು ಬಿಟ್ ತಪ್ಪಿದರೆ ಸಂಕೇತ ಎಲ್ಲಿ ಮುಗಿಯಿತು ಎಂಬ ಲೆಕ್ಕವೇ ತಪ್ಪಿ, ಚೌಕಗಳು ಪಕ್ಕಕ್ಕೆ ಜರುಗುತ್ತವೆ. ಬಣ್ಣದ ತಪ್ಪು ಒಂದರಿಂದ ಒಂದಕ್ಕೆ ಹರಿದು ಚಿತ್ರದ ತಳದವರೆಗೂ ಮುಟ್ಟುತ್ತದೆ.

ಈ ಒಂದು ಸಾಲು ನೋಡಿದ ಕೂಡಲೇ ನನ್ನ ಅನುಮಾನ ಡಿಸ್ಕನ್ನು ಬಿಟ್ಟು ರ‍್ಯಾಮ್ ಕಡೆಗೆ ಹೊರಳಿತು. ಹಾರ್ಡ್ ಡಿಸ್ಕ್ ತಾನು ಬರೆದ ಪ್ರತಿ ಸೆಕ್ಟರ್‌ಗೂ ತಪ್ಪು ತಿದ್ದುವ ಸಂಕೇತ ಸೇರಿಸಿಕೊಂಡಿರುತ್ತದೆ. ಅದು ಕೆಟ್ಟರೆ 512 ಅಥವಾ 4096 ಬೈಟುಗಳ ತುಂಡೇ ಹೋಗುತ್ತದೆ, ಇಲ್ಲವೇ ಓದಲಾಗುವುದಿಲ್ಲ ಎಂದು ಹೇಳಿಬಿಡುತ್ತದೆ. ಯುಎಸ್‌ಬಿ ಮತ್ತು ಸಾಟಾ ದಾರಿಗಳಲ್ಲೂ ಕಾವಲಿದೆ, ತಪ್ಪಾದ ಕಂತು ಮತ್ತೆ ರವಾನೆಯಾಗುತ್ತದೆ. ಮನೆ, ಅಂಗಡಿಗಳ ಸಾಧಾರಣ ಯಂತ್ರದಲ್ಲಿ ಯಾವ ಕಾವಲೂ ಇಲ್ಲದ ಜಾಗ ರ‍್ಯಾಮ್ ಒಂದೇ. ಸರ್ವರ್‌ಗಳಲ್ಲಿ ಬಳಸುವ ಇಸಿಸಿ ಪಟ್ಟಿಗಳು ಒಂದು ಬಿಟ್ ತಪ್ಪನ್ನು ತಾವೇ ತಿದ್ದುತ್ತವೆ, ಇವರಲ್ಲಿದ್ದದ್ದು ಅಂಥವಲ್ಲ. ಕಾರ್ಡಿನಿಂದ ಹೊರಟ ಪ್ರತಿಯೊಂದು ಬೈಟೂ ರ‍್ಯಾಮ್‌ನಲ್ಲಿ ಇಳಿದೇ ಡಿಸ್ಕಿಗೆ ಹೋಗಬೇಕು. ಇಳಿದಾಗ ಒಂದು, ಎದ್ದಾಗ ಇನ್ನೊಂದು ಆಗಿದ್ದರೆ ಕೇಳುವವರಿಲ್ಲ. ಡಿಸ್ಕ್ ಆ ತಪ್ಪನ್ನೇ ನಿಷ್ಠೆಯಿಂದ ಬರೆದಿಟ್ಟುಕೊಳ್ಳುತ್ತದೆ.

ಮೂರು ಮದುವೆಗಳ ಕಾರ್ಡುಗಳು ಇನ್ನೂ ಅಳಿಸದೆ ಉಳಿದಿದ್ದವು. ಅವರ ಡಿಸ್ಕನ್ನು ಬಿಚ್ಚಿ ನನ್ನ ಯಂತ್ರಕ್ಕೆ ಜೋಡಿಸಿ ಎಲ್ಲವನ್ನೂ ಹೋಲಿಸಿದೆ. ಅವರ ಯಂತ್ರದಲ್ಲೇ ಹೋಲಿಸಬಹುದಿತ್ತಲ್ಲ ಎಂದು ಕೇಳಿದರು. ಅನುಮಾನ ಇರುವ ರ‍್ಯಾಮ್‌ನಲ್ಲಿ ಹೋಲಿಸಿದರೆ ಹೋಲಿಕೆಯೇ ತಪ್ಪಬಹುದು. ನಕಲು ಮಾಡಿದ ಕೂಡಲೇ ಹೋಲಿಸಿದರಂತೂ ವಿಂಡೋಸ್ ಡಿಸ್ಕಿನವರೆಗೆ ಹೋಗದೆ ರ‍್ಯಾಮ್‌ನಲ್ಲಿ ಉಳಿದಿರುವ ಪ್ರತಿಯನ್ನೇ ತೋರಿಸಿ ಮುಗಿಸಬಹುದು. ಸುಮಾರು 2,300 ಫೋಟೊಗಳಲ್ಲಿ 19 ಬೇರೆಯಾಗಿದ್ದವು. ಆ ಹತ್ತೊಂಬತ್ತರಲ್ಲಿ ಏಳು ಕಣ್ಣಿಗೆ ಸರಿಯಾಗಿಯೇ ಕಾಣುತ್ತಿದ್ದವು. ತಪ್ಪು ಬಿಟ್ ಚಿತ್ರದ ಕೊನೆಯ ಅಂಚಿನಲ್ಲೋ ಕತ್ತಲ ಮೂಲೆಯಲ್ಲೋ ಬಿದ್ದಿತ್ತು. ಇನ್ನೊಂದು ಗುರುತು ಸಿಕ್ಕಿತು, ಮುಂದೆ ಅದೇ ನನ್ನ ಕೈ ಹಿಡಿಯಿತು: ಬದಲಾದದ್ದು ಪ್ರತಿ ಬಾರಿಯೂ ಬೈಟಿನ ಅದೇ ಮೂರನೆಯ ಬಿಟ್.

ಯಂತ್ರ ಎರಡು ಸಲ ನೀಲಿ ಪರದೆ ತೋರಿಸಿದೆ, ಫೋಟೊಶಾಪ್ ಆಗೀಗ ತಾನೇ ಮುಚ್ಚಿಕೊಂಡಿದೆ ಎಂಬುದನ್ನು ಮಾಲೀಕರು ಆಮೇಲೆ ಹೇಳಿದರು. ಅದನ್ನು ಅವರು ದೂರು ಎಂದೇ ಭಾವಿಸಿರಲಿಲ್ಲ.

ಒಂದೇ ಸಂಖ್ಯೆ, ಬೇರೆ ಚಿಪ್

ಬಯಾಸ್ ತೆರೆದೆ. ಎಕ್ಸ್‌ಎಂಪಿ ಆನ್, ವೇಗ 3200, ಟೈಮಿಂಗ್ (ಚಿಪ್ ಉತ್ತರ ಕೊಡಲು ಕಾಯಬೇಕಾದ ಹೊತ್ತಿನ ಅಂಕಿಗಳು) 16-18-18-38, ವೋಲ್ಟೇಜ್ 1.35. ನೋಡಲು ಏನೂ ತಪ್ಪಿಲ್ಲ. ವಿಂಡೋಸ್‌ಗೆ ಮರಳಿ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಎಸ್‌ಪಿಡಿ ಪುಟದಲ್ಲಿ ನಾಲ್ಕೂ ಸ್ಲಾಟುಗಳ ಜಾತಕ ಓದಿದೆ. 2020ರ ಎರಡು ಪಟ್ಟಿಗಳ ಎಕ್ಸ್‌ಎಂಪಿ 16-18-18-38. ಮಾರ್ಚ್‌ನಲ್ಲಿ ಬಂದವುಗಳದ್ದು 16-20-20-38. ಪಟ್ಟಿಗಳನ್ನು ಕಳಚಿ ಅಂಟುಚೀಟಿ ನೋಡಿದರೆ ಮಾಡೆಲ್ ಸಂಖ್ಯೆ ಅಕ್ಷರಶಃ ಒಂದೇ. ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಆವೃತ್ತಿ ಸಂಖ್ಯೆ ಮಾತ್ರ ಬೇರೆ. ಒಳಗಿರುವ ಚಿಪ್‌ಗಳು ಬೇರೆ ತಯಾರಕರವು. ಒಂದೇ ಹೆಸರಿನಲ್ಲಿ, ಒಂದೇ ಹೊದಿಕೆಯಲ್ಲಿ, ಆಯಾ ಕಾಲಕ್ಕೆ ಸಿಕ್ಕ ಚಿಪ್ ಹಾಕಿ ಮಾರುವುದು ರ‍್ಯಾಮ್ ವ್ಯಾಪಾರದಲ್ಲಿ ಮಾಮೂಲು. ಎರಡು ಪಟ್ಟಿಗಳ ಒಂದು ಪೊಟ್ಟಣವನ್ನು ಜೊತೆಯಾಗಿ ಪರೀಕ್ಷಿಸಿ ಕೊಡುತ್ತಾರೆಯೇ ಹೊರತು ಎರಡು ವರ್ಷದ ಅಂತರದಲ್ಲಿ ಕೊಂಡ ಎರಡು ಪೊಟ್ಟಣಗಳು ಹೊಂದುತ್ತವೆ ಎಂದು ಯಾರೂ ಮಾತು ಕೊಟ್ಟಿರುವುದಿಲ್ಲ.

ಈ ಬೋರ್ಡಿನ ಬಯಾಸ್ ಹಳೆಯ ಪಟ್ಟಿಯ ಎಕ್ಸ್‌ಎಂಪಿಯನ್ನು ಓದಿ ಅದನ್ನೇ ನಾಲ್ಕಕ್ಕೂ ಹೇರಿತ್ತು. ಹೊಸ ಪಟ್ಟಿಗಳು 20 ಕೇಳುತ್ತಿದ್ದ ಕಡೆ 18 ಕೊಟ್ಟಿತ್ತು.

18 ಮತ್ತು 20ರ ನಡುವೆ ಏನಿದೆ ಎಂದು ಮಾಲೀಕರಿಗೆ ಹೇಳಬೇಕಾಯಿತು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೆನಪಿಸಿಕೊಳ್ಳಿ ಎಂದೆ. ಕಪಾಟಿನ ತುಂಬ ಕಡತದ ಕಟ್ಟುಗಳು. ನಿಮಗೆ ಬೇಕಾದದ್ದು ಒಂದು ಹಾಳೆ. ಆದರೆ ಹಾಳೆಯನ್ನೇ ನೇರವಾಗಿ ಎಳೆಯಲು ಬರುವುದಿಲ್ಲ. ಇಡೀ ಕಟ್ಟನ್ನು ಮೇಜಿನ ಮೇಲೆ ತಂದು ಬಿಚ್ಚಬೇಕು. ಮೆಮೊರಿ ಚಿಪ್ಪಿನೊಳಗೂ ಸೊನ್ನೆ ಒಂದುಗಳು ಸಾಲು ಮತ್ತು ಕಂಬಗಳಲ್ಲಿ ಕುಳಿತಿವೆ. ಒಂದು ಸಾಲನ್ನು ಎಬ್ಬಿಸಿ ಮೇಜಿಗೆ ತರಲು ಬೇಕಾದ ಸಮಯ ಟಿಆರ್‌ಸಿಡಿ, ಅಂದರೆ ಎರಡನೆಯ ಅಂಕಿ. ತೆರೆದ ಸಾಲಿನಿಂದ ಬೇಕಾದ ಕಂಬದ ಅಂಕಿ ಕೈಗೆ ಬರಲು ಹಿಡಿಯುವ ಸಮಯ ಸಿಎಲ್, ಮೊದಲನೆಯ ಅಂಕಿ. ಕಟ್ಟನ್ನು ಮತ್ತೆ ಕಟ್ಟಿ ಕಪಾಟಿಗೆ ಸೇರಿಸಿ ಮೇಜನ್ನು ಖಾಲಿ ಮಾಡುವುದು ಟಿಆರ್‌ಪಿ, ಮೂರನೆಯದು. ಬಿಚ್ಚಿದ ಕಟ್ಟು ಕನಿಷ್ಠ ಇಷ್ಟು ಹೊತ್ತು ಮೇಜಿನ ಮೇಲೆ ಇರಲೇಬೇಕು ಎಂಬುದು ಟಿಆರ್‌ಎಎಸ್, ನಾಲ್ಕನೆಯದು.

ಈ ಅಂಕಿಗಳು ಸಮಯವಲ್ಲ, ಕ್ಲಾಕಿನ ಬಡಿತಗಳ ಎಣಿಕೆ. ಇಲ್ಲಿಯೇ ಬಹಳ ಜನ ಎಡವುತ್ತಾರೆ. 3200 ಎಂದರೆ ಸೆಕೆಂಡಿಗೆ 320 ಕೋಟಿ ವರ್ಗಾವಣೆ. ಒಂದು ಬಡಿತಕ್ಕೆ ಎರಡು ವರ್ಗಾವಣೆ ಆಗುವುದರಿಂದ ನಿಜವಾದ ಕ್ಲಾಕ್ 1600 ಮೆಗಾಹರ್ಟ್ಸ್. ಸಿಪಿಯು-ಝಡ್ 1600 ಎಂದೇ ತೋರಿಸುತ್ತದೆ. ಅರ್ಧ ವೇಗ ಎಂದು ಗಾಬರಿಯಾಗಿ ನನಗೆ ಫೋನ್ ಮಾಡಿದವರಿದ್ದಾರೆ. 1600 ಮೆಗಾಹರ್ಟ್ಸ್‌ನಲ್ಲಿ ಒಂದು ಬಡಿತ 0.625 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಸೆಕೆಂಡ್). ಹಾಗಾಗಿ 16 ಬಡಿತ ಎಂದರೆ 10 ನ್ಯಾನೊಸೆಕೆಂಡ್. 2133ರಲ್ಲಿ ಸಿಎಲ್ 15 ಇದ್ದರೂ ಒಂದು ಬಡಿತ 0.94 ನ್ಯಾನೊಸೆಕೆಂಡ್ ಆದ್ದರಿಂದ ಅದು 14 ನ್ಯಾನೊಸೆಕೆಂಡ್ ಆಗುತ್ತದೆ. ಅಂಕಿ ಚಿಕ್ಕದಿದ್ದ ಮಾತ್ರಕ್ಕೆ ಬೇಗ ಎಂದಲ್ಲ. ವೇಗವನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ನಮ್ಮ ಪ್ರಕರಣದಲ್ಲಿ 18 ಬಡಿತ ಎಂದರೆ 11.25 ನ್ಯಾನೊಸೆಕೆಂಡ್, 20 ಎಂದರೆ 12.5. ನಡುವೆ ಇರುವುದು ಒಂದೂ ಕಾಲು ನ್ಯಾನೊಸೆಕೆಂಡ್. ಮೆಮೊರಿ ಚಿಪ್‌ನಲ್ಲಿ ಒಂದು ಬಿಟ್ ಎಂದರೆ ಅತಿ ಸಣ್ಣ ಕೆಪಾಸಿಟರ್‌ನಲ್ಲಿ ಹಿಡಿದಿಟ್ಟ ಚಿಟಿಕೆ ವಿದ್ಯುತ್ತು. ಸಾಲನ್ನು ಎಬ್ಬಿಸಿದಾಗ ಆ ಚಿಟಿಕೆ ಒಂದು ತಂತಿಗೆ ಇಳಿದು, ತಂತಿಯ ತುದಿಯಲ್ಲಿರುವ ಆಂಪ್ಲಿಫೈಯರ್ ಅದು ಸೊನ್ನೆಯೋ ಒಂದೋ ಎಂದು ತೀರ್ಮಾನಿಸಿ ಗಟ್ಟಿ ಮಾಡಬೇಕು. ತೀರ್ಮಾನ ಮುಗಿಯುವ ಮೊದಲೇ ಓದಿದರೆ ಬಲವಾದ ಕೋಶಗಳು ಸರಿ ಉತ್ತರ ಕೊಡುತ್ತವೆ, ದುರ್ಬಲವಾದ ಒಂದೆರಡು ತಪ್ಪು ಕೊಡುತ್ತವೆ. ನೂರಾರು ಕೋಟಿ ಕೋಶಗಳಲ್ಲಿ ತಪ್ಪುವವು ಬೆರಳೆಣಿಕೆಯಷ್ಟೇ ಆದ್ದರಿಂದ ವಿಂಡೋಸ್ ಬೂಟ್ ಆಗುತ್ತದೆ, ಹಾಡು ಕೇಳುತ್ತದೆ, ಎಲ್ಲವೂ ನೆಟ್ಟಗಿದೆ ಎನಿಸುತ್ತದೆ. ಬೂಟ್ ಆಯಿತು ಎಂಬುದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಇದನ್ನು ನಾನು ಗಿರಾಕಿಗಳಿಗೆ ಮಾತ್ರವಲ್ಲ, ನನ್ನಲ್ಲಿ ಕೆಲಸ ಕಲಿಯುವ ಹುಡುಗರಿಗೂ ಪ್ರತಿ ಸಲ ಹೇಳುತ್ತೇನೆ. ಬೇರೆಯವರ ಜೀವನದ ಒಂದೇ ಒಂದು ದಿನ ಆ ಡಿಸ್ಕಿನಲ್ಲಿದೆ. ಅದನ್ನು ಅಂದಾಜಿನ ಮೇಲೆ ಬಿಡಲಾಗದು.

ರಾತ್ರಿ ಪಾಸ್, ಮಧ್ಯಾಹ್ನ ಫೇಲ್

ಅನುಮಾನ ಎಷ್ಟೇ ಬಲವಾಗಿದ್ದರೂ ಪರೀಕ್ಷೆಯಲ್ಲಿ ಕಾಣಬೇಕು. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ವಿಂಡೋಸ್ ಇಲ್ಲದೆಯೇ ಅದರಿಂದ ಬೂಟ್ ಮಾಡಿ, ಅಂಗಡಿ ಮುಚ್ಚುವಾಗ ಓಡಲು ಬಿಟ್ಟು ಮನೆಗೆ ಹೋದೆ. ಉಚಿತ ಆವೃತ್ತಿ ನಾಲ್ಕು ಸುತ್ತು ಪರೀಕ್ಷಿಸುತ್ತದೆ. ಬೆಳಿಗ್ಗೆ ಬಂದು ನೋಡಿದರೆ ನಾಲ್ಕೂ ಸುತ್ತು ಮುಗಿದು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಪಾಸ್. ಒಂದು ತಪ್ಪೂ ಇಲ್ಲ.

ಒಂದು ಕ್ಷಣ ಕೈ ಚೆಲ್ಲುವಂತಾಯಿತು. ಆಮೇಲೆ ಹೊಳೆಯಿತು: ರಾತ್ರಿ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟಿದ್ದೆ, ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಸ್ಟುಡಿಯೊದಲ್ಲಿ ಯಂತ್ರ ಇರುವುದು ಮೇಜಿನ ಕೆಳಗೆ, ಬಾಗಿಲು ಮುಚ್ಚಿ, ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ. ಬಿಸಿ ಏರಿದಷ್ಟೂ ಕೆಪಾಸಿಟರ್‌ನ ಚಿಟಿಕೆ ವಿದ್ಯುತ್ತು ಬೇಗ ಸೋರುತ್ತದೆ. ಅದಕ್ಕಾಗಿಯೇ ರ‍್ಯಾಮ್ ತನ್ನೆಲ್ಲ ಸಾಲುಗಳನ್ನೂ 64 ಮಿಲಿಸೆಕೆಂಡ್‌ಗೊಮ್ಮೆ ಓದಿ ಮತ್ತೆ ತುಂಬಿಕೊಳ್ಳುವುದು. ತಂಪಿನಲ್ಲಿ ಹೇಗೋ ದಾಟಿದ ದುರ್ಬಲ ಕೋಶ ಬಿಸಿಯಲ್ಲಿ ದಾಟಲಾರದು.

ಬಾಗಿಲು ಮುಚ್ಚಿದೆ. ಗ್ರಾಫಿಕ್ಸ್ ಕಾರ್ಡಿಗೆ ಅರ್ಧ ಗಂಟೆ ಭಾರ ಕೊಟ್ಟು ಒಳಗೆಲ್ಲ ಕಾಯಿಸಿ, ಆರಲು ಬಿಡದೆ ಮಧ್ಯಾಹ್ನ ಎರಡಕ್ಕೆ ಮತ್ತೆ ಮೆಮ್‌ಟೆಸ್ಟ್ ಶುರು ಮಾಡಿದೆ. ಎರಡನೇ ಸುತ್ತಿನಲ್ಲಿ ಕೆಂಪು ಸಾಲುಗಳು ಬಂದವು. ಒಟ್ಟು ಹನ್ನೊಂದು. ಇರಬೇಕಾದ್ದು ಒಂದು, ಇದ್ದದ್ದು ಇನ್ನೊಂದು. ಪ್ರತಿ ಸಾಲಿನಲ್ಲೂ ವ್ಯತ್ಯಾಸ ಒಂದೇ ಬಿಟ್, ಫೋಟೊಗಳಲ್ಲಿ ಕಂಡ ಅದೇ ಮೂರನೆಯ ಸ್ಥಾನ. ಮಾಲೀಕರಿಗೆ ಪರದೆಯ ಫೋಟೊ ಕಳಿಸಿದೆ. ಕೂಡಲೇ ಫೋನ್ ಮಾಡಿದರು, “ಹಾಗಾದರೆ ಕಾರ್ಡು, ಡಿಸ್ಕು ಎಲ್ಲ ಸುಮ್ಮನೆ ಕೊಂಡೆನೇ?” ಹೌದು ಎನ್ನದೆ ವಿಧಿಯಿರಲಿಲ್ಲ.

ಮುಂದಿನ ಮೂರು ದಿನ ಜೋಡಿಗಳನ್ನು ಬೇರ್ಪಡಿಸಿ ನೋಡಿದ್ದು. ಹಳೆಯ ಎರಡು ಮಾತ್ರ, 3200ರಲ್ಲಿ 16-18-18-38: ಬಿಸಿಯಲ್ಲೂ ಶುದ್ಧ. ಹೊಸ ಎರಡು ಮಾತ್ರ, ತಮ್ಮದೇ 16-20-20-38ರಲ್ಲಿ: ಶುದ್ಧ. ಹೊಸ ಎರಡಕ್ಕೆ 18 ಕೊಟ್ಟಾಗ: ಮೊದಲ ಸುತ್ತಿನಲ್ಲೇ ತಪ್ಪು. ಅಂದರೆ ಪಟ್ಟಿಗಳು ಯಾವುವೂ ಕೆಟ್ಟಿರಲಿಲ್ಲ. ವಾಪಸ್ ಕಳಿಸಿದ್ದರೆ ಪರೀಕ್ಷಿಸಿ ಸರಿಯಿದೆ ಎಂದು ಹಿಂತಿರುಗಿಸುತ್ತಿದ್ದರು, ಅದು ಸುಳ್ಳೂ ಆಗುತ್ತಿರಲಿಲ್ಲ.

ಇಷ್ಟಕ್ಕೆ ಪ್ರಕರಣ ಮುಗಿಯಿತು ಎಂದುಕೊಂಡೆ. ನಾಲ್ಕನ್ನೂ ಹಾಕಿ ಎಲ್ಲಕ್ಕೂ 16-20-20-38 ಕೊಟ್ಟು 3200ರಲ್ಲಿ ಓಡಿಸಿದೆ. ಮೂರು ಸುತ್ತು ಶುದ್ಧ. ನಾಲ್ಕನೆಯದರಲ್ಲಿ, ಮುಗಿಯಲು ಇಪ್ಪತ್ತು ನಿಮಿಷ ಇರುವಾಗ, ಒಂದು ತಪ್ಪು. ಒಂದೇ ಒಂದು. ಬಿಟ್ ಸ್ಥಾನವೂ ಬೇರೆ.

ಆ ಒಂದನ್ನು ಆಕಸ್ಮಿಕ ಎಂದು ಬದಿಗಿಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ರ‍್ಯಾಮ್ ಪರೀಕ್ಷೆಯಲ್ಲಿ ಒಂದು ತಪ್ಪು ಎಂಬುದಿಲ್ಲ. ಸೊನ್ನೆ ಇರಬೇಕು, ಇಲ್ಲದಿದ್ದರೆ ಆ ಹೊಂದಿಕೆ ಬೇಡ. ಇದರ ಹಿಂದಿನ ಕಾರಣ ಬೇರೆಯೇ. ರೈಜನ್ 3000 ಸರಣಿಗೆ ಎಎಂಡಿ 3200ರ ಅಧಿಕೃತ ಮಾತು ಕೊಡುವುದು ಎರಡು ಪಟ್ಟಿಗಳಿಗೆ. ನಾಲ್ಕು ಪಟ್ಟಿ ಹಾಕಿದರೆ, ಪಟ್ಟಿಗಳು (ಒಟ್ಟಿಗೆ ಓಗೊಡುವ ಚಿಪ್‌ಗಳ ಗುಂಪಿಗೆ ರ‍್ಯಾಂಕ್ ಎನ್ನುತ್ತಾರೆ) ಒಂದೇ ರ‍್ಯಾಂಕಿನವಾಗಿದ್ದರೆ 2933, ಎರಡು ರ‍್ಯಾಂಕಿನವಾಗಿದ್ದರೆ 2667. ಪ್ರೊಸೆಸರ್‌ನಿಂದ ಮೆಮೊರಿಗೆ ಎರಡು ದಾರಿ, ಅಂದರೆ ಚಾನೆಲ್; ಪ್ರತಿ ಚಾನೆಲ್‌ನ ತಂತಿ ಒಂದೇ; ಅದರ ಮೇಲೆ ಎರಡು ಪಟ್ಟಿ ಕುಳಿತಾಗ ಸಂಕೇತಕ್ಕೆ ಭಾರ ಹೆಚ್ಚು, ಪ್ರತಿಫಲನ ಹೆಚ್ಚು. ಸರಪಳಿಯಂತೆ ಒಂದು ಸ್ಲಾಟ್ ದಾಟಿ ಮುಂದಿನದಕ್ಕೆ ತಂತಿ ಎಳೆದ ಬೋರ್ಡುಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಎರಡೇ ಪಟ್ಟಿ ಇದ್ದಾಗ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ ಎಂದು ಕೈಪಿಡಿಗಳು ಹೇಳುವುದೂ ಇದಕ್ಕೇ. ಟೈಮಿಂಗ್ ತಪ್ಪು ಒಂದು, ನಾಲ್ಕು ಪಟ್ಟಿಗಳ ಭಾರ ಇನ್ನೊಂದು. ಎರಡು ಕಾಯಿಲೆ ಒಟ್ಟಿಗೆ ಬಂದು ಒಂದರ ಹಿಂದೆ ಇನ್ನೊಂದು ಅಡಗಿತ್ತು.

ಕೊನೆಗೆ ಇಟ್ಟ ಹೊಂದಿಕೆ

ಎಕ್ಸ್‌ಎಂಪಿಯನ್ನು ಆಫ್ ಮಾಡಿ ಅಂಕಿಗಳನ್ನು ಕೈಯಿಂದಲೇ ಬರೆದೆ. ವೇಗ 2933. ಸಿಎಲ್ 16. ಎಎಂಡಿ ಬೋರ್ಡುಗಳಲ್ಲಿ ಟಿಆರ್‌ಸಿಡಿ ಎರಡು ಕಡೆ ಬರುತ್ತದೆ, ಓದುವುದಕ್ಕೊಂದು ಬರೆಯುವುದಕ್ಕೊಂದು, ಎರಡಕ್ಕೂ 20. ಟಿಆರ್‌ಪಿ 20, ಟಿಆರ್‌ಎಎಸ್ 40, ಎರಡನ್ನೂ ಕೂಡಿಸಿ ಟಿಆರ್‌ಸಿ 60. ವೋಲ್ಟೇಜ್ ಪಟ್ಟಿಯ ಮೇಲೆ ಬರೆದ 1.35, ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ. ಆಜ್ಞೆಗಳನ್ನು ಅರ್ಧ ವೇಗದಲ್ಲಿ ಕಳಿಸಿ ಸ್ಥಿರತೆ ಕೊಡುವ ಗೇರ್ ಡೌನ್ ಮೋಡ್ ಆನ್. ಉಳಿದ ಹತ್ತಾರು ಉಪ ಟೈಮಿಂಗ್‌ಗಳನ್ನು ಆಟೊದಲ್ಲೇ ಬಿಟ್ಟೆ. ಅವುಗಳಲ್ಲಿ ಕೆಲವನ್ನು ಬಿಗಿ ಮಾಡಿ ಇನ್ನಷ್ಟು ವೇಗ ಹಿಂಡುವ ಹವ್ಯಾಸಿಗಳ ಶ್ರದ್ಧೆ ದೊಡ್ಡದು. ಆದರೆ ಅನ್ನ ದುಡಿಯುವ ಯಂತ್ರ ಅದಕ್ಕೆ ಜಾಗವಲ್ಲ.

ಉಳಿಸಿ ಹೊರಬಂದಾಗ ಯಂತ್ರ ಎರಡು ಸಲ ತಾನೇ ಆರಿ ಹತ್ತಿತು. ಹೊಸ ಹೊಂದಿಕೆಗೆ ಮೆಮೊರಿಯನ್ನು ಪಳಗಿಸಿಕೊಳ್ಳುವ ಹೊತ್ತು ಅದು, ಹೆದರಿ ಸ್ವಿಚ್ ಒತ್ತಬಾರದು. ಅಂಕಿ ಅತಿಯಾಗಿ ಬಿಗಿಯಾಗಿದ್ದರೆ ಕೆಲವು ಸಲ ಪ್ರಯತ್ನಿಸಿ ಬೋರ್ಡ್ ತಾನೇ ಹಳೆಯ ಸ್ಥಿತಿಗೆ ಮರಳುತ್ತದೆ. ಮರಳದಿದ್ದರೆ ವಿದ್ಯುತ್ ತೆಗೆದು, ಸಿಮಾಸ್ (ಬಯಾಸ್‌ನ ಹೊಂದಿಕೆಗಳು ಉಳಿದಿರುವ ಜಾಗ) ಅಳಿಸುವ ಜಂಪರ್ ಮುಟ್ಟಿಸಬೇಕು ಅಥವಾ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಡಬೇಕು.

ಲೆಕ್ಕದಲ್ಲಿ ನೋಡಿದರೆ 2933ರಲ್ಲಿ 20 ಬಡಿತ ಎಂದರೆ 13.6 ನ್ಯಾನೊಸೆಕೆಂಡ್. ಎರಡೂ ಜೋಡಿಗೆ ಧಾರಾಳ. ಸಿಎಲ್ ಸುಮಾರು 10.9 ನ್ಯಾನೊಸೆಕೆಂಡ್. ಎರಡು ಚಾನೆಲ್ ಸೇರಿ ಸೆಕೆಂಡಿಗೆ ಹರಿಯಬಹುದಾದದ್ದು 2133ರಲ್ಲಿ 34 ಜಿಬಿ, 2933ರಲ್ಲಿ 47, 3200ರಲ್ಲಿ 51. ರೈಜನ್ 3000ರಲ್ಲಿ ಪ್ರೊಸೆಸರ್‌ನ ಒಳಗಿನ ಭಾಗಗಳನ್ನು ಬೆಸೆಯುವ ಜಾಲವೂ ಮೆಮೊರಿ ಕ್ಲಾಕಿನ ಜೊತೆಗೇ ಏರಿಳಿಯುವುದರಿಂದ 2133ರಿಂದ ಮೇಲೆ ಬಂದದ್ದೇ ಮುಖ್ಯ ಲಾಭ. ನಾನೂರು ಫೋಟೊಗಳನ್ನು ಎಕ್ಸ್‌ಪೋರ್ಟ್ ಮಾಡಿ ನೋಡಿದಾಗ 2933 ಮತ್ತು 3200ರ ನಡುವೆ ಅರ್ಧ ನಿಮಿಷವೂ ವ್ಯತ್ಯಾಸ ಬರಲಿಲ್ಲ.

ಬಾಗಿಲು ಮುಚ್ಚಿ, ಕಾಯಿಸಿ, ಮಧ್ಯಾಹ್ನ ನಾಲ್ಕು ಸುತ್ತು. ರಾತ್ರಿ ಮತ್ತೆ ನಾಲ್ಕು ಸುತ್ತು. ಸೊನ್ನೆ. ಆಮೇಲೆ ಎರಡು ಸಾವಿರ ಫೋಟೊಗಳನ್ನು ಕಾರ್ಡಿನಿಂದ ಐದು ಸಲ ನಕಲಿಸಿ, ಡಿಸ್ಕನ್ನು ನನ್ನ ಯಂತ್ರಕ್ಕೆ ತಂದು ಹೋಲಿಸಿದೆ. ಒಂದು ಬಿಟ್ಟೂ ಅಲುಗಿರಲಿಲ್ಲ. ಮುಂದಿನ ಜಾಲರಿಯಲ್ಲಿ ಕಂಬಳಿಯಂತೆ ಕುಳಿತಿದ್ದ ಧೂಳನ್ನೂ ತೆಗೆದೆ.

ಈಗಿನ ಡಿಡಿಆರ್5 ಪಟ್ಟಿಗಳ ಚಿಪ್ಪಿನೊಳಗೇ ತಪ್ಪು ತಿದ್ದುವ ಏರ್ಪಾಡಿದೆ, ಆದ್ದರಿಂದ ಈ ಚಿಂತೆ ಇಲ್ಲ ಎಂದು ಕೆಲವರು ಹೇಳುತ್ತಾರೆ. ಆ ಏರ್ಪಾಡು ಚಿಪ್ಪಿನ ಒಳಗಿನ ಕೋಶಗಳನ್ನಷ್ಟೇ ಕಾಯುತ್ತದೆ, ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನಲ್ಲ. ನಾಲ್ಕು ಪಟ್ಟಿಗಳ ಭಾರವಂತೂ ಅಲ್ಲಿ ಇನ್ನೂ ಹೆಚ್ಚು: ರೈಜನ್ 7000 ಸರಣಿಗೆ ಎರಡು ಪಟ್ಟಿಯಲ್ಲಿ ಅಧಿಕೃತ ವೇಗ 5200, ನಾಲ್ಕರಲ್ಲಿ 3600. ಹೊಸ ಯಂತ್ರ ಕಟ್ಟಿಸುವವರಿಗೆ ನಾನು ಈಗ ಮೊದಲೇ ಬೇಕಾದಷ್ಟು ಗಾತ್ರದ ಎರಡು ಪಟ್ಟಿಗಳ ಒಂದೇ ಪೊಟ್ಟಣ ಹಾಕಿಸಿಬಿಡುತ್ತೇನೆ.

ಯಂತ್ರ ಒಯ್ಯಲು ಹುಡುಗನೂ ಮಾವನ ಜೊತೆ ಬಂದಿದ್ದ. ಮುಖ ಸಣ್ಣದಾಗಿತ್ತು. “ನನ್ನಿಂದ ಹೀಗಾಯಿತು ಸರ್” ಎಂದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಂಪು ಸಾಲುಗಳ ಫೋಟೊ, ಎಸ್‌ಪಿಡಿ ಪುಟ, 5ಎ ಮತ್ತು 7ಎ ಎಲ್ಲವನ್ನೂ ತೋರಿಸಿದೆ. ನಾಲ್ಕೂ ಪಟ್ಟಿಗಳ ಅಂಕಿಗಳನ್ನು ಅವನ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿ ಕ್ಯಾಬಿನೆಟ್ ಬಾಗಿಲಿನ ಒಳಬದಿಗೆ ಅಂಟಿಸಿದೆ. ಬಯಾಸ್ ಅಪ್‌ಡೇಟ್ ಮಾಡಿದರೆ ಅಥವಾ ಬ್ಯಾಟರಿ ಸತ್ತರೆ ಈ ಹೊಂದಿಕೆಗಳೆಲ್ಲ ಅಳಿಸಿಹೋಗಿ ಯಂತ್ರ 2133ಕ್ಕೆ ಮರಳುತ್ತದೆ. ಆಗ ಮತ್ತೆ ಯಾರಾದರೂ ಎಕ್ಸ್‌ಎಂಪಿ ಒತ್ತಬಾರದು.

ಉಳಿದದ್ದು ಮಾರ್ಚ್‌ನ ಒಂದು ಮದುವೆ. ಆ ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಬೇರೆ ಸಮಾರಂಭಕ್ಕೆ ಬಳಸಿ ಆಗಿತ್ತು. ಅದರಲ್ಲಿ ಕಣ್ಣಿಗೆ ಕಾಣುವಂತೆ ಕೆಟ್ಟ ಫೋಟೊ ಮೂರು. ಮೂಲ ಎಲ್ಲಿಯೂ ಇಲ್ಲ. ಆದರೆ ತಪ್ಪಿರುವುದು ಒಂದೇ ಬಿಟ್ ಆಗಿದ್ದರೆ, ಅದು ಬೈಟಿನ ಮೂರನೆಯ ಬಿಟ್ಟೇ ಆಗಿದ್ದರೆ, ಹುಡುಕಬಹುದು ಅನ್ನಿಸಿತು. ಚಿತ್ರ ಯಾವ ಎತ್ತರದಲ್ಲಿ ಮುರಿದಿದೆ ಎಂಬುದರಿಂದ ಫೈಲಿನಲ್ಲಿ ಯಾವ ಭಾಗ ಎಂಬ ಅಂದಾಜು ಸಿಗುತ್ತದೆ. ಚೌಕಗಳ ಒಂದು ಸಾಲಿಗೆ ಸುಮಾರು 16 ಕೆಬಿ, ಅಂದರೆ 16,384 ಬೈಟ್. ಪ್ರತಿ ಬೈಟಿನಲ್ಲೂ ಆ ಒಂದು ಬಿಟ್ ಮಗುಚಿ, ಚಿತ್ರ ತೆರೆದು, ಮುರಿದ ಗೆರೆಯ ಮೇಲಿನ ಮತ್ತು ಕೆಳಗಿನ ಬಣ್ಣಗಳ ಅಂತರ ಎಲ್ಲಿ ಅತಿ ಕಡಿಮೆಯಾಗುತ್ತದೆ ಎಂದು ನೋಡುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದೆ. ಎಲ್ಲ ಎಂಟು ಬಿಟ್‌ಗಳನ್ನೂ ಪ್ರಯತ್ನಿಸಬೇಕಾಗಿದ್ದರೆ ರಾತ್ರಿಯೆಲ್ಲ ಹಿಡಿಯುತ್ತಿತ್ತು. ಒಂದೇ ಬಿಟ್ ಆದ್ದರಿಂದ ಮೊದಲನೆಯದು ಒಂದು ಗಂಟೆಯೊಳಗೆ ಸಿಕ್ಕಿತು, ಎರಡನೆಯದೂ ಅದೇ ಸಂಜೆ. ಮೂರನೆಯದು ಬರಲಿಲ್ಲ. ಒಂದಕ್ಕಿಂತ ಹೆಚ್ಚು ಬಿಟ್ ಬದಲಾಗಿದ್ದಿರಬೇಕು. ವಾರವೆಲ್ಲ ಬಿಡುವಾದಾಗ ಪ್ರಯತ್ನಿಸಿ ಸೋತೆ.

ಎರಡನೆಯ ಫೋಟೊ ವಧುವಿನ ಅಜ್ಜಿಯದು. ಮಂಟಪದ ಮುಂದೆ ಕುರ್ಚಿಯಲ್ಲಿ ಕುಳಿತೇ ನಡುಗುವ ಕೈ ಎತ್ತಿ ಅಕ್ಷತೆ ಹಾಕುತ್ತಿದ್ದಾರೆ. ನೇರಳೆಗೆ ತಿರುಗಿದ್ದ ಕೆಳಭಾಗದಲ್ಲಿ ಅವರ ಸೆರಗು, ಕೈಬಳೆ, ಮಡಿಲಿನ ಎಲೆಯಡಿಕೆ ಚೀಲ ಒಂದೊಂದಾಗಿ ತಮ್ಮ ಬಣ್ಣಕ್ಕೆ ಮರಳಿದ್ದವು. ಮಾಲೀಕರು ಅದನ್ನು 12 ಇಂಚು ಅಗಲ, 18 ಇಂಚು ಉದ್ದಕ್ಕೆ ಮುದ್ರಿಸಿ, ಆಲ್ಬಂ ಕೊಡಲು ಹೋಗುವ ಮುನ್ನ ದಾರಿ ಸುತ್ತಿಕೊಂಡು ಅಂಗಡಿಗೆ ಬಂದು ತೋರಿಸಿದರು. ಬೆರಳಿನಿಂದ ಜಾರಿ ಗಾಳಿಯಲ್ಲಿದ್ದ ಅರಿಸಿನದ ಅಕ್ಕಿಕಾಳುಗಳನ್ನು ಎಣಿಸಬಹುದಿತ್ತು.